ಹೆಸರು ಬದಲಾದ ಜಾರ್ ಫೈಲ್ ಯಾವ ಮನೆಯದ್ದು?

ಹಳೆಯ ಸರ್ವರ್ ಕೈಗೆ ಬಂದರೆ, ಅದು ಉಡುಪಿಯ ಸೊಸೈಟಿಯದ್ದಿರಲಿ, ಮಂಗಳೂರಿನ ಆಫೀಸಿನದ್ದಿರಲಿ, ಲಿಬ್ ಫೋಲ್ಡರಿನಲ್ಲಿ ‘ಫೈನಲ್2.ಜಾರ್’ ಒಂದು ಇದ್ದೇ ಇರುತ್ತದೆ ಮಾರಾಯ್ರೆ. ಜಾರ್ ಅಂದರೆ ಜಾವಾ ಪ್ರೋಗ್ರಾಮಿನ ಕಟ್ಟು; ಅದು ಯಾವ ಲೈಬ್ರರಿ, ಯಾವ ವರ್ಷನ್ ಎಂದು ಈ ಹೆಸರು ನೋಡಿ ತಿಳಿಯುವುದಿಲ್ಲ. ಹೆಸರು ಏನೇ ಇರಲಿ, ಒಳಗಿನ ಬೈಟ್ ಬದಲಾಗದಿದ್ದರೆ ಹ್ಯಾಶ್, ಅಂದರೆ ಆ ಬೈಟ್‌ಗಳಿಂದ ಲೆಕ್ಕ ಹಾಕಿದ ಬೆರಳಚ್ಚು, ಬದಲಾಗುವುದಿಲ್ಲ. ಎಸ್‌ಎಚ್‌ಎ-1 ಎಂಬ ಬಗೆಯ ಹ್ಯಾಶ್ ತೆಗೆದು, ಜಾವಾ ಲೈಬ್ರರಿಗಳ ಸಾರ್ವಜನಿಕ ಭಂಡಾರವಾದ ಮೇವನ್ ಸೆಂಟ್ರಲ್‌ನಲ್ಲಿ ಹುಡುಕಿ. ಸಿಕ್ಕಿದರೆ ಗ್ರೂಪ್ (ಮಾಡಿದವರ ಗುರುತು), ಆರ್ಟಿಫ್ಯಾಕ್ಟ್ (ಲೈಬ್ರರಿಯ ಹೆಸರು), ವರ್ಷನ್ ಮೂರೂ ಬರುತ್ತವೆ. 2017ರಲ್ಲಿ ಒಂದೇ ಎಸ್‌ಎಚ್‌ಎ-1 ಇರುವ ಎರಡು ಬೇರೆ ಬೇರೆ ಪಿಡಿಎಫ್‌ಗಳನ್ನು ಬೇಕೆಂದೇ ಮಾಡಿ ತೋರಿಸಿದ್ದಾರೆ. ಹಾಗಾಗಿ ಗುರುತಿಗೆ ಇದು ಸಾಕು, ಭದ್ರತೆಗೆ ಎಸ್‌ಎಚ್‌ಎ-256 ಬೇಕು.

ಸಿಗಲಿಲ್ಲ ಅಂದರೆ ಕೂಡಲೇ ವೈರಸ್ ಅನ್ನಬೇಡಿ. ಜಾರ್ ಅಂದರೆ ಜಿಪ್. ಯಾರೋ ಬಿಚ್ಚಿ ಮತ್ತೆ ಕಟ್ಟಿದ್ದರೆ ಒಳಗಿನ ಸಮಯದ ಗುರುತುಗಳು ಬದಲಾಗಿ ಹೊರಗಿನ ಹ್ಯಾಶ್ ಕೆಡುತ್ತದೆ. ಬಿಚ್ಚಿ, ಒಂದೊಂದು ಕ್ಲಾಸ್ ಫೈಲಿನ ಹ್ಯಾಶ್ ತೆಗೆದು, ಅನುಮಾನವಿರುವ ವರ್ಷನ್‌ಗಳ ಜೊತೆ ಹೋಲಿಸಿ.

ಒಳಗಿನ ಫೈಲುಗಳಿಗೆ ಇಳಿದಾಗ ಒಂದು ಹೊಂಡ ಇದೆ. ಜಾವಾ ಬಿಟ್ಟು ಪೈಥಾನ್ ಭಾಷೆಯ ಪ್ಯಾಕೇಜುಗಳನ್ನು ನೋಡಿದರೆ, ಅವುಗಳ ‘ಇನಿಟ್’ ಫೈಲ್ ಎಷ್ಟೋ ಕಡೆ ಖಾಲಿ. ಖಾಲಿ ಫೈಲಿನ ಎಂಡಿ5 (ಇನ್ನೊಂದು ಬಗೆಯ ಹ್ಯಾಶ್) ಯಾವಾಗಲೂ ‘ಡಿ41ಡಿ8ಸಿಡಿ9’ ಎಂದೇ ಶುರು, ಎಸ್‌ಎಚ್‌ಎ-256 ‘ಇ3ಬಿ0ಸಿ442’ ಎಂದು. ಇದನ್ನು ಪಟ್ಟಿಯಿಂದ ತೆಗೆಯದಿದ್ದರೆ ನಿಮ್ಮ ಫೈಲ್ ನೂರಾರು ಪ್ಯಾಕೇಜಿಗೆ ‘ಹೊಂದುತ್ತದೆ’. ಎಷ್ಟೋ ಪ್ಯಾಕೇಜುಗಳಲ್ಲಿ ಒಂದೇ ಪಠ್ಯವಾಗಿ ಬರುವ ಜಿಪಿಎಲ್ ಲೈಸೆನ್ಸ್ ಫೈಲೂ ಹಾಗೆಯೇ. ಒಂದೇ ಪ್ಯಾಕೇಜಿನಲ್ಲಿ ಮಾತ್ರ ಇರುವ ಫೈಲಿಗೆ ಬೆಲೆ ಕೊಡಿ.

ಬರೆಯುವ ರೀತಿಯೂ ಕಾಡುತ್ತದೆ. ಎಸ್‌ಎಚ್‌ಎ-256 ಹೆಕ್ಸ್‌ನಲ್ಲಿ (0–9, ಎ–ಎಫ್ ಬಳಸುವ ಬರಹ) 64 ಅಕ್ಷರ. ಪೈಥಾನ್ ವೀಲ್ (ಪೈಥಾನ್ ಪ್ಯಾಕೇಜಿನ ಕಟ್ಟು) ಒಳಗಿನ ರೆಕಾರ್ಡ್ ಫೈಲಿನಲ್ಲಿ ಅದೇ ಹ್ಯಾಶ್ ಬೇಸ್64 ಎಂಬ ಇನ್ನೊಂದು ಬರಹದಲ್ಲಿ 43 ಅಕ್ಷರ. ಮೊದಲು ಎರಡನ್ನೂ ಹೆಕ್ಸ್‌ಗೆ ತನ್ನಿ. ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನ ಹ್ಯಾಶ್ ಬೇರೆಯೇ ಜಾತಿ: ಫೈಲಿನ ಮುಂದೆ ‘ಬ್ಲಾಬ್’, ಒಂದು ಸ್ಪೇಸ್, ಗಾತ್ರ, ಒಂದು ಸೊನ್ನೆ ಬೈಟ್ ಸೇರಿಸಿ ಲೆಕ್ಕ ಹಾಕುತ್ತದೆ. ಬರೀ ಎಸ್‌ಎಚ್‌ಎ1ಸಮ್ ಕಮಾಂಡ್ ಕೊಟ್ಟ ಉತ್ತರ ಅದಕ್ಕೆ ತಾಳೆಯಾಗದು. ‘ಗಿಟ್ ಹ್ಯಾಶ್-ಆಬ್ಜೆಕ್ಟ್’ ಬಳಸಿ.

ಹ್ಯಾಶ್ ಹೊಂದದಿದ್ದಾಗ ಗಾತ್ರ ನೋಡುವ ಅಭ್ಯಾಸ ಒಳ್ಳೆಯದು. 40 ಸಾಲಿನ ಫೈಲ್ ಮೂಲಕ್ಕಿಂತ ಸರಿಯಾಗಿ 40 ಬೈಟ್ ದೊಡ್ಡದಿದ್ದರೆ, ಸಾಲಿಗೊಂದು ಬೈಟ್ ಹೆಚ್ಚಿಸುವ ವಿಂಡೋಸ್‌ನ ಸಾಲುಕೊನೆ ಸೇರಿಕೊಂಡಿರುವ ಸಾಧ್ಯತೆಯೇ ಹೆಚ್ಚು. ತುಂಬ ಸಣ್ಣದಿದ್ದರೆ ಡೌನ್‌ಲೋಡ್ ಅರ್ಧಕ್ಕೆ ನಿಂತಿರಬಹುದು; ನಮ್ಮ ಮಳೆಗಾಲದ ಕರೆಂಟಿನ ಬಗ್ಗೆ ಹೇಳಬೇಕಾಗಿಲ್ಲ.

ಸರ್ವರಿನಲ್ಲಿ ಡೆಬಿಯನ್, ಉಬುಂಟು ಲಿನಕ್ಸ್ ಆದರೆ ಕೆಲಸ ಸುಲಭ: ‘ಡಿಪಿಕೆಜಿ -ವಿ’ (ದೊಡ್ಡಕ್ಷರದ V) ಓಡಿಸಿದರೆ ಬದಲಾದ ಫೈಲುಗಳನ್ನು ಮಾತ್ರ ತೋರಿಸುತ್ತದೆ. ಮೂರನೇ ಜಾಗದಲ್ಲಿ 5 ಕಂಡರೆ ಎಂಡಿ5 ಹೊಂದಿಲ್ಲ ಎಂದರ್ಥ. ಪಕ್ಕದಲ್ಲಿ ‘ಸಿ’ ಇದ್ದರೆ ಅದು ಕಾನ್ಫಿಗ್ ಫೈಲ್, ನೀವೇ ತಿದ್ದಿರಬಹುದು. ಆದರೆ ಆ ಎಂಡಿ5 ಪಟ್ಟಿ ಇರುವುದು ಅದೇ ಡಿಸ್ಕಿನಲ್ಲಿ. ಯಾರಾದರೂ ಒಳನುಗ್ಗಿರುವ ಸಂಶಯ ಇದ್ದರೆ ಬೇರೆ ಯಂತ್ರದಲ್ಲಿ ಅದೇ ವರ್ಷನ್‌ನ ಡೆಬ್ ಫೈಲ್ (ಡೆಬಿಯನ್ ಪ್ಯಾಕೇಜ್) ಹೊಸದಾಗಿ ಇಳಿಸಿ, ಡಿಸ್ಕನ್ನು ಅಲ್ಲಿಗೇ ಜೋಡಿಸಿ ಹೋಲಿಸಿ.