ಓಡುವ ಬಸವನಹುಳು

ನಮ್ಮ ತರಗತಿಯ ಗೋಡೆಯ ಮೇಲೆ ಈಗಲೂ ಹದಿನೆಂಟು ಕಾಗದದ ಬಸವನಹುಳುಗಳಿವೆ. ಒಂದೊಂದಕ್ಕೂ ಮೂರು ಬಣ್ಣದ ಚಿಪ್ಪು; ಒಂದನ್ನು ಕಿತ್ತು ಇನ್ನೊಂದನ್ನು ಅಂಟಿಸಬಹುದು. ‘ವಾರದ ಉತ್ತಮ ಚಟುವಟಿಕೆ’ ಎಂದು ಸಂಯೋಜಕರು ಪಕ್ಕದಲ್ಲೊಂದು ಚೀಟಿ ಅಂಟಿಸಿದ್ದರು. ಚೀಟಿಯನ್ನು ನಾನೇ ಕಿತ್ತುಹಾಕಿದೆ. ಹುಳುಗಳನ್ನು ತೆಗೆಯಲು ಮಕ್ಕಳು ಬಿಡುತ್ತಿಲ್ಲ.

ಆ ತಿಂಗಳ ವಿಷಯ ‘ಸುತ್ತಲಿನ ಜೀವಿಗಳು’. ಕಪಾಟಿನಲ್ಲಿ ಹರಿಯದೆ ಉಳಿದಿದ್ದ ಚಿತ್ರಪುಸ್ತಕ ಒಂದೇ, ಅದು ಸನ್ಯಾಸಿ ಏಡಿಯದು. ಏಡಿ ಬೆಳೆಯುತ್ತದೆ, ಹೊತ್ತ ಚಿಪ್ಪು ಬಿಗಿಯಾಗುತ್ತದೆ, ದಂಡೆಯಲ್ಲಿ ಬಿದ್ದ ಖಾಲಿ ಚಿಪ್ಪುಗಳನ್ನು ಒಂದೊಂದಾಗಿ ತೊಟ್ಟು ನೋಡಿ ಕೊನೆಗೆ ಹಿಡಿಸಿದ್ದರೊಳಗೆ ನುಗ್ಗುತ್ತದೆ. ಪುಸ್ತಕದಲ್ಲಿ ತಪ್ಪೇನೂ ಇಲ್ಲ. ಸನ್ಯಾಸಿ ಏಡಿಯ ಹೊಟ್ಟೆ ಮೆತ್ತಗಿನದು. ಅದನ್ನು ಕಾಪಾಡಿಕೊಳ್ಳಲು ಹೆಚ್ಚಾಗಿ ಸತ್ತ ಕಡಲ ಬಸವನಹುಳುಗಳು ಬಿಟ್ಟುಹೋದ ಚಿಪ್ಪನ್ನೇ ಹುಡುಕಿಕೊಳ್ಳುತ್ತದೆ. ಆದರೆ ನಮ್ಮ ಮಕ್ಕಳು ಸಮುದ್ರ ಕಂಡವರಲ್ಲ. ಯೋಜನಾ ಹಾಳೆಯಲ್ಲಿ ‘ಮಗುವಿನ ಪರಿಸರಕ್ಕೆ ಹೊಂದಿಸಿದ್ದು ಹೇಗೆ?’ ಎಂಬ ಕಾಲಂ ಖಾಲಿ ಬಿಡುವಂತಿಲ್ಲ. ತೋಟದಲ್ಲಿ ಬಸವನಹುಳುಗಳಿಗೆ ಬರವಿಲ್ಲ. ಹೊಂದಿಸಿಬಿಟ್ಟೆ. ಏಡಿ ಎಂದಿದ್ದಲ್ಲೆಲ್ಲ ಬಸವನಹುಳು ಎಂದು ಓದಿದೆ.

ಮೂರನೆಯ ಪುಟಕ್ಕೇ ಮುಂದಿನ ಸಾಲಿನ ಹುಡುಗಿ ಬೆರಳಿಟ್ಟಳು. “ಬಸವನಹುಳುವಿಗೆ ಇಷ್ಟೊಂದು ಕಾಲು ಇರುತ್ತದೆಯೇ ಮಿಸ್?”

“ಇದು ಓಡುವ ಬಸವನಹುಳು” ಎಂದೆ.

ಎಲ್ಲರೂ ನಕ್ಕರು. ಅವಳು ನಗಲಿಲ್ಲ, ಬೆರಳು ಹಿಂದೆಗೆದುಕೊಂಡಳು. ನಾಲ್ಕೂವರೆ ವರ್ಷದ ಮಗು ಸರಿಯಾಗಿ ಕಂಡದ್ದನ್ನು ನಾನು ಒಂದೇ ಮಾತಿನಲ್ಲಿ ಸುಳ್ಳು ಮಾಡಿದೆ. ಅಷ್ಟಕ್ಕೆ ಬಿಡದೆ, ಹುಳುವಿನ ದನಿಯಲ್ಲಿ “ಅಯ್ಯೋ, ಬಿಗಿ, ಬಿಗಿ! ಯಾರಾದರೂ ಬೇರೆ ಮನೆ ಕೊಡಿ” ಎಂದು ಗೋಳಾಡಿದೆ. ಆಮೇಲೆ ಆ ಕಾಗದದ ಚಿಪ್ಪುಗಳು.

ಮರುದಿನ ಬೆಳಿಗ್ಗೆ ತೋಟ. ಚಟುವಟಿಕೆಗೆ ಮೂರು ಫೋಟೊ, ಮಗುವಿಗೊಂದು ವೀಕ್ಷಣೆ ಟಿಪ್ಪಣಿ, ಎಲ್ಲವೂ ಅಲ್ಲಿಂದಲೇ ಆ್ಯಪ್‌ಗೆ ಏರಬೇಕು. ಮೂರನೆಯ ಫೋಟೊ ಏರುತ್ತಿರಲಿಲ್ಲ. ಟ್ಯಾಬ್‌ನಲ್ಲಿ ಚಕ್ರ ಸುತ್ತುತ್ತಿತ್ತು, ನಾನು ಅದನ್ನು ನೋಡುತ್ತ ನಿಂತಿದ್ದೆ. ಈ ಕೆಲಸದಲ್ಲಿ ಗದ್ದಲಕ್ಕೆ ಹೆದರಬೇಕಾಗಿಲ್ಲ, ಹೆದರಬೇಕಾದದ್ದು ಮೌನಕ್ಕೆ. ಬೆನ್ನ ಹಿಂದೆ ಸದ್ದು ನಿಂತು ಎಷ್ಟು ಹೊತ್ತಾಗಿತ್ತೋ ತಿಳಿಯದು.

ತಿರುಗಿದರೆ ಐದು ತಲೆಗಳು ಒಂದೆಡೆ ಬಾಗಿದ್ದವು. ನಡುವೆ ಅದೇ ಹುಡುಗಿ. ಒಂದು ಕೈಯಲ್ಲಿ ಹುಳುವಿನ ಮೆತ್ತನೆಯ ಮೈ, ಇನ್ನೊಂದರಲ್ಲಿ ಚಿಪ್ಪು. ಎಳೆಯುತ್ತಿದ್ದಳು. ಒರಟಾಗಿ ಅಲ್ಲ, ತಮ್ಮನ ಬಿಗಿ ಅಂಗಿ ಕಳಚುವವಳ ಹಾಗೆ. ಪಕ್ಕದ ಹುಡುಗ ಖಾಲಿ ಚಿಪ್ಪೊಂದನ್ನು ಅಂಗೈಯಲ್ಲಿಟ್ಟುಕೊಂಡು ತನ್ನ ಸರದಿಗೆ ಕಾಯುತ್ತಿದ್ದ.

“ಇವನಿಗೆ ಬಿಗಿಯಾಗಿದೆ” ಎಂದಳು.

ಕೂಗು ಗಂಟಲಿಗೆ ಬಂದಿತ್ತು, ನುಂಗಿಕೊಂಡೆ. ಬೆಚ್ಚಿದ ಮಗು ಇನ್ನಷ್ಟು ಅದುಮುತ್ತದೆ, ಇಲ್ಲವೇ ಕೈಬಿಡುತ್ತದೆ. ಮಂಡಿಯೂರಿ, ಅವಳ ಕೈ ಕೆಳಗೆ ನನ್ನ ಅಂಗೈ ಹಿಡಿದು “ನನಗೆ ಕೊಡುತ್ತೀಯಾ?” ಎಂದೆ. ಅವಳು ಯೋಚಿಸಿದಳು. ಯೋಚನೆ ಮುಗಿಯುವವರೆಗೆ ಬೆರಳು ಸಡಿಲಾಗಲಿಲ್ಲ. ಹುಳು ನೊರೆ ಕಾರುತ್ತಿತ್ತು. ಕೊನೆಗೆ ಕೊಟ್ಟಳು; ಕೊಡುವಾಗ ಹೆಬ್ಬೆರಳು ಒತ್ತಿ ಚಿಪ್ಪಿನ ಅಂಚು ಚಿಟ್ ಎಂದಿತು.

ಬಸವನಹುಳುವಿಗೆ ಚಿಪ್ಪು ಮನೆಯಲ್ಲ, ಮೈಯದೇ ಭಾಗ. ಮೊಟ್ಟೆಯೊಡೆದು ಬರುವಾಗಲೇ ಬೆನ್ನ ಮೇಲಿರುತ್ತದೆ. ಬಾಯಂಚಿಗೆ ಸುಣ್ಣದ ಹೊಸ ಪದರ ಕೂಡಿಕೊಳ್ಳುತ್ತ ಹುಳುವಿನ ಜೊತೆಗೇ ಬೆಳೆಯುವುದರಿಂದ ಅದು ಬಿಗಿಯಾಗುವ ಮಾತೇ ಇಲ್ಲ. ಒಳಗೆ ಸ್ನಾಯು ಚಿಪ್ಪಿನ ನಡುಗಂಬಕ್ಕೆ ಅಂಟಿಕೊಂಡಿರುತ್ತದೆ, ಕಿತ್ತರೆ ಸಾವು. ಇದೆಲ್ಲ ನನಗೆ ಹಿಂದಿನ ದಿನವೂ ಗೊತ್ತಿತ್ತು. 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪ್ರಾಣಿಗಳು ಸುತ್ತಲಿನ ಬಣ್ಣದೊಳಗೆ ಮರೆಯಾಗುವುದನ್ನು ಚಿತ್ರಪುಸ್ತಕದಿಂದ ಕಲಿತ ನಾಲ್ಕು ವರ್ಷದ ಮಕ್ಕಳು ಅದನ್ನು ಜೀವಂತ ಪ್ರಾಣಿಗಳಿಗೂ ಅನ್ವಯಿಸಿದ್ದರು. ಯೋಜನೆಯ ಮೊದಲ ಪುಟದಲ್ಲಿ ಅದನ್ನು ಹೆಮ್ಮೆಯಿಂದ ಬರೆದವಳು ನಾನೇ. ಸುಳ್ಳನ್ನೂ ಅಷ್ಟೇ ಶ್ರದ್ಧೆಯಿಂದ ಅನ್ವಯಿಸುತ್ತಾರೆ ಎಂಬುದು ಮಾತ್ರ ಹೊಳೆದಿರಲಿಲ್ಲ.

ಘಟನೆಗೂ ಒಂದು ಫಾರಂ ಇದೆ. ‘ಕಾರಣ’ ಎಂಬಲ್ಲಿ ಪಟ್ಟಿಯಿಂದ ಆರಿಸಬೇಕು: ಮಗು, ಸಾಮಗ್ರಿ, ಹವಾಮಾನ. ಶಿಕ್ಷಕಿ ಎಂಬ ಆಯ್ಕೆ ಇಲ್ಲ. ‘ಸಾಮಗ್ರಿ’ ಒತ್ತಿದೆ. ಸಂಜೆಯ ಸಭೆಯಲ್ಲಿ ಆ ಸಾಮಗ್ರಿ ಯಾವುದೆಂದು ಹುಡುಕಿ, ಪುಸ್ತಕವನ್ನು ಕಚೇರಿಯ ಬೀರುವಿಗೆ ಹಾಕಿ ಬೀಗ ಜಡಿದರು. ಮೂರು ಫೋಟೊಗಳ ನಿಯಮದ ಬಗ್ಗೆ ಯಾರೂ ಮಾತೆತ್ತಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಹತ್ತು ದಿನ ಬಿಡಲಿಲ್ಲ.

ಅಷ್ಟರಲ್ಲಿ ಹುಳು ಗಾಜಿನ ಪೆಟ್ಟಿಗೆಯ ಒದ್ದೆ ಮಣ್ಣಿನಲ್ಲಿ, ಪುಡಿ ಮಾಡಿದ ಮೊಟ್ಟೆ ಸಿಪ್ಪೆ ಕೆರೆದು ತಿನ್ನುತ್ತ, ಒಡೆದ ಅಂಚಿಗೆ ತೆಳುವಾದ ಬಿಳಿ ತೇಪೆ ಹಾಕಿಕೊಳ್ಳತೊಡಗಿತ್ತು. ಹುಡುಗಿ ದಿನಕ್ಕೆ ನಾಲ್ಕು ಸಲ ಬಂದು ನೋಡುತ್ತಿದ್ದಳು, ಮುಟ್ಟುತ್ತಿರಲಿಲ್ಲ. ಅವಳ ಕೈ ಬೆನ್ನ ಹಿಂದೆ ಕಟ್ಟಿಕೊಂಡಿರುತ್ತಿದ್ದುದನ್ನು ನೋಡಲಾರದೆ ಸಂಯೋಜಕರ ಬಳಿ ಹೋಗಿ, ಪುಸ್ತಕದ್ದಲ್ಲ, ಓದಿದವಳದ್ದು ತಪ್ಪು ಎಂದೆ. ಬೀಗ ತೆಗೆಸಲು ಇನ್ನೊಂದು ಫಾರಂ ತುಂಬಬೇಕಾಯಿತು.

ಈ ಸಲ ಇದ್ದದ್ದನ್ನು ಇದ್ದ ಹಾಗೆ ಓದಿದೆ. ಮೂರನೆಯ ಪುಟದಲ್ಲಿ ನಿಲ್ಲಿಸಿ, ಇದು ಏಡಿ, ನೀನು ಅಂದು ಕಾಲು ಕಂಡದ್ದು ಸರಿ, ನಾನು ಹೇಳಿದ್ದು ಸುಳ್ಳು ಎಂದು ಅವಳಿಗೆ ಹೇಳಿದೆ. ಅವಳು ಚಿತ್ರ ನೋಡಿದಳು, ಗಾಜಿನ ಪೆಟ್ಟಿಗೆ ನೋಡಿದಳು, ನನ್ನನ್ನು ನೋಡಿದಳು.

“ಹಾಗಾದರೆ ಓಡುವ ಬಸವನಹುಳು ಎಲ್ಲಿ ಹೋಯಿತು?”