ಅತ್ತೆಯನ್ನೇ ಕೇಳಿ

12 ಆಗಸ್ಟ್ 2025, ಮಂಗಳವಾರ
ಮುಲುಂಡ್, ಮುಂಬಯಿ

ರಾತ್ರಿ ಹನ್ನೊಂದು. ಈಗಷ್ಟೇ ಆಸ್ಪತ್ರೆಯಿಂದ ಬಂದೆ. ನಿದ್ದೆ ಬರುವ ಹಾಗಿಲ್ಲ, ಅದಕ್ಕೇ ಬರೆಯಲು ಕೂತೆ.

ಭಾನುವಾರ ಅತ್ತೆಗೆ ಉಸಿರಾಡಲು ಕಷ್ಟವಾಯಿತು. ನ್ಯುಮೋನಿಯಾ. ವಯಸ್ಸು 79. ಐಸಿಯುನಲ್ಲಿ ಬೈಪ್ಯಾಪ್ ಮಾಸ್ಕ್, ಅಂದರೆ ಒತ್ತಡದಲ್ಲಿ ಗಾಳಿ ಕೊಟ್ಟು ಉಸಿರಾಡಲು ನೆರವಾಗುವ ಮಾಸ್ಕ್, ಹಾಕಿದ್ದಾರೆ. ನೀರು ಕುಡಿಸಲು ಮಾಸ್ಕ್ ತೆಗೆದಾಗಲೆಲ್ಲ ಮಾತಾಡುತ್ತಾರೆ. "ಗ್ಯಾಸ್ ಬಂದ್ ಮಾಡಿ ಬಂದ್ಯಾ?" ಅಂತ ಕೇಳುವಷ್ಟು ಎಚ್ಚರ ಇದೆ.

ನಿನ್ನೆ ಸಂಜೆ ಡ್ಯೂಟಿ ಡಾಕ್ಟರ್, ಇನ್ನೂ ಚಿಕ್ಕ ಹುಡುಗ, ನನ್ನನ್ನೂ ನನ್ನ ಗಂಡನನ್ನೂ ಕಾರಿಡಾರಿಗೆ ಕರೆದರು. ಕೈಯಲ್ಲಿ ಒಂದು ಫಾರ್ಮ್. ಹೃದಯ ನಿಂತರೆ ಸಿಪಿಆರ್, ಅಂದರೆ ಎದೆ ಒತ್ತಿ ಅದನ್ನು ಮತ್ತೆ ನಡೆಸಲು ನೋಡುವುದು, ಬೇಡ ಅಂತ ಮನೆಯವರು ಸಹಿ ಹಾಕಬೇಕಂತೆ. ಇವರು ಪೆನ್ನು ತೆಗೆದೇಬಿಟ್ಟರು. ಕಣ್ಣು ಮುಚ್ಚದೆ ರಾತ್ರಿಯೆಲ್ಲ ಕೂತಿದ್ದವರು, ಏನು ಕೊಟ್ಟರೂ ಸಹಿ ಹಾಕುತ್ತಿದ್ದರು. ಡಾಕ್ಟರ್ ಸಮಾಧಾನ ಮಾಡುವ ದನಿಯಲ್ಲಿ ಹಿಂದಿಯಲ್ಲಿ ಹೇಳಿದರು: ವಯಸ್ಸಾಗಿದೆ, ಅದರ ಮೇಲೆ ಮೊದಲಿಂದಲೂ ಹ್ಯಾಂಡಿಕ್ಯಾಪ್ ಅಲ್ವಾ.

ಆ ಮಾತು ಇನ್ನೂ ಚುಚ್ಚುತ್ತಿದೆ.

ಅತ್ತೆಗೆ ನಾಲ್ಕನೇ ವಯಸ್ಸಿಗೆ ಪೋಲಿಯೋ ಆಗಿತ್ತು. ಬಲಗಾಲಿಗೆ ಶಕ್ತಿ ಇಲ್ಲ. ಕಾಲಲ್ಲಿ ತುಳಿಯುವ ಹೊಲಿಗೆ ಮೆಷಿನ್ ಆಗಲ್ಲ ಅಂತ ಕೈಯಲ್ಲಿ ತಿರುಗಿಸುವ ಮೆಷಿನ್ ತರಿಸಿಕೊಂಡರು. ಬಲಗೈ ಹಿಡಿಕೆ ತಿರುಗಿಸಬೇಕು, ಬಟ್ಟೆಯನ್ನು ಎಡಗೈಯೊಂದೇ ಸರಿಸಬೇಕು. ಹಾಗೇ ಕುಮಟೆಯಲ್ಲಿ ನಲವತ್ತು ವರ್ಷ ರವಿಕೆ ಹೊಲಿದರು. ಇವರು ಓದಿದ್ದು ಅದೇ ದುಡ್ಡಲ್ಲಿ. ಆ ಮೆಷಿನ್ ಈಗ ನಮ್ಮ ಕಿಟಕಿಯ ಪಕ್ಕದಲ್ಲಿದೆ. ಹಿಡಿಕೆಯ ಮರ ಅವರ ಅಂಗೈ ತಾಗಿ ತಾಗಿ ಕಪ್ಪಗೆ, ನುಣ್ಣಗೆ ಆಗಿದೆ. ಆ ಕಾಲು ನೋಡಿ ಈ ಜೀವದ ಬೆಲೆ ಕಟ್ಟೋದಾ?

"ಅವರನ್ನು ಕೇಳಿದ್ರಾ?" ಅಂದೆ.

ಪೇಶೆಂಟ್ ಹೆದರುತ್ತಾರೆ ಅಂದರು. ಅತ್ತೆಗೆ ಹಿಂದಿ ಬಾರದು, ಮರಾಠಿ ಬಾರದು. ಎರಡು ದಿನದಿಂದ ಅವರ ತಲೆಯ ಮೇಲೆ ಮೂರು ಭಾಷೆ ಓಡಾಡುತ್ತಿವೆ. ಕನ್ನಡದಲ್ಲಿ ಯಾರೂ ಒಂದು ಮಾತು ಕೇಳಿಲ್ಲ. ಹೆದರುತ್ತಾರೆ ಅನ್ನುವುದು ನೆಪವಾಗಬಾರದು. 2014ರಲ್ಲಿ ಇಂಗ್ಲೆಂಡಿನ ಕೋರ್ಟ್ ಇಂಥದ್ದೇ ಕೇಸಿನಲ್ಲಿ, ರೋಗಿಗೆ ಬೇಜಾರಾಗುತ್ತದೆ ಅನ್ನುವಷ್ಟಕ್ಕೇ ಕೇಳದೆ ಬಿಡುವಂತಿಲ್ಲ ಅಂತ ಹೇಳಿತು. ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕೂಡ 2020ರಲ್ಲಿ ಇದಕ್ಕೆಂದೇ ಮಾರ್ಗಸೂಚಿ ಕೊಟ್ಟಿದೆ.

ಇವರು ಪೆನ್ನನ್ನು ಜೇಬಿಗೆ ಹಾಕಿಕೊಂಡರು.

ಇವತ್ತು ಬೆಳಗ್ಗೆ ರೌಂಡ್ಸಿಗೆ ಬಂದ ಹಿರಿಯ ಡಾಕ್ಟರ್ ನನ್ನ ಮಾತು ಕೇಳಿದವರೇ ಸ್ಟೂಲ್ ಎಳೆದು ಅತ್ತೆಯ ಪಕ್ಕ ಕೂತರು. ಅವರು ಹೇಳಿದ್ದನ್ನು ನಾನು ಒಂದೊಂದೇ ಮಾತಾಗಿ ಕನ್ನಡದಲ್ಲಿ ಹೇಳುತ್ತಾ ಹೋದೆ. ಎದೆಯನ್ನು ನಿಮಿಷಕ್ಕೆ 100ರಿಂದ 120 ಸಲ, ಐದು ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ಈ ವಯಸ್ಸಿನಲ್ಲಿ ಪಕ್ಕೆಲುಬು ಮುರಿಯುವುದು ಸಾಮಾನ್ಯ. ಆಮೇಲೆ ವೆಂಟಿಲೇಟರ್. ಬೇಡ ಅಂದರೆ ಹೃದಯ ನಿಂತಾಗ ಇದನ್ನು ಮಾಡುವುದಿಲ್ಲ, ಅಷ್ಟೇ. ಆಕ್ಸಿಜನ್, ಔಷಧಿ ಎಲ್ಲ ನಡೆಯುತ್ತವೆ. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಹೇಳಬಹುದು. ಪಕ್ಕೆಲುಬು ಅನ್ನುವಾಗ ನನ್ನ ದನಿ ನಡುಗಿತು. ಅತ್ತೆ ಮಾತ್ರ ಗಟ್ಟಿಯಾಗಿ ಕೇಳಿಸಿಕೊಂಡರು.

"ಸಂಜೆ ಹೇಳ್ತೀನಿ" ಅಂದರು.

ಅಲ್ಲಿಯವರೆಗೆ ಎಲ್ಲ ಚಿಕಿತ್ಸೆಯೂ ಇರಲಿ ಅಂತ ಡಾಕ್ಟರ್ ಫೈಲಿನಲ್ಲಿ ಬರೆದರು.

ಮಧ್ಯಾಹ್ನ ಅತ್ತೆ ಅರುಣಾ ಶಾನಭಾಗ್ ವಿಷಯ ತೆಗೆದರು. ಹಳದೀಪುರದ ಹುಡುಗಿ, ನಮ್ಮ ಕುಮಟೆಗೆ ಹತ್ತಿರ. ಇದೇ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. 1973ರಲ್ಲಿ ಅವಳ ಮೇಲೆ ಹಲ್ಲೆಯಾಯಿತು, 2015ರಲ್ಲಿ ಸಾಯುವವರೆಗೂ ಚೇತರಿಸಿಕೊಳ್ಳಲಿಲ್ಲ, ಮಾತೂ ಬರಲಿಲ್ಲ. ಅಷ್ಟೂ ವರ್ಷ ಅಲ್ಲಿನ ನರ್ಸ್‌ಗಳೇ ಮಗುವಿನ ಹಾಗೆ ನೋಡಿಕೊಂಡರು. ಅವಳ ಕೇಸಿನಲ್ಲೇ 2011ರಲ್ಲಿ ಸುಪ್ರೀಂ ಕೋರ್ಟ್ ಮೊದಲ ಸಲ ಚಿಕಿತ್ಸೆ ನಿಲ್ಲಿಸುವುದಕ್ಕೆ ದಾರಿ ತೋರಿಸಿತು, ಆದರೆ ಅವಳ ವಿಷಯದಲ್ಲಿ ಒಪ್ಪಲಿಲ್ಲ.

"ಆ ಹುಡುಗಿಗೆ ಏನು ಬೇಕಿತ್ತೋ ಯಾರಿಗೂ ಗೊತ್ತಾಗಲಿಲ್ಲ," ಅಂದರು ಅತ್ತೆ. "ನಂಗೆ ಬಾಯಿ ಇದೆಯಲ್ಲ."

ಬಾಯಿ ಇಲ್ಲದ ದಿನಕ್ಕೂ ಈಗ ದಾರಿ ಇದೆ. ಮುಂದೆ ಮಾತಾಡಲು ಆಗದಿದ್ದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಮೊದಲೇ ಬರೆದಿಡುವ ಲಿವಿಂಗ್ ವಿಲ್ ಅನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು, 2023ರಲ್ಲಿ ಅದನ್ನು ಸುಲಭ ಮಾಡಿತು. ಇಬ್ಬರು ಸಾಕ್ಷಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು, ಮೊದಲಿನ ಹಾಗೆ ಮ್ಯಾಜಿಸ್ಟ್ರೇಟ್ ಹತ್ತಿರ ಹೋಗಬೇಕಿಲ್ಲ. ಅತ್ತೆ ಮನೆಗೆ ಬಂದ ಮೇಲೆ ನಾವು ಮೂವರೂ ಬರೆದಿಡುತ್ತೇವೆ. ಇವರೂ ಹೂಂ ಅಂದಿದ್ದಾರೆ.

ಸಂಜೆ ಆರಕ್ಕೆ ಅತ್ತೆ ನನ್ನ ಕೈ ಹಿಡಿದುಕೊಂಡರು. "ಮಾಸ್ಕ್ ಇರಲಿ. ಔಷಧಿ ಇರಲಿ. ಎದೆ ನಿಂತ್ರೆ ಒತ್ತೋದು ಬೇಡ, ಬಿಟ್ಟುಬಿಡಿ." ಇವರು ಗೋಡೆಯ ಕಡೆ ತಿರುಗಿ ಕಣ್ಣು ಒರೆಸಿಕೊಂಡರು. ಅತ್ತೆ ಸ್ವಲ್ಪ ಉಸಿರು ತಗೊಂಡು ಮತ್ತೆ ಹೇಳಿದರು: "ಇದು ಕಾಲಿನ ದೆಸೆಯಿಂದ ಅಲ್ಲ ಅಂತ ಆ ಹುಡುಗನಿಗೆ ಹೇಳು."

ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಒಳಗೆ ಬಂದು ಹೆಸರೇನು ಅಂತ ಅತ್ತೆಯನ್ನೇ ಕೇಳಿದ, ಫಾರ್ಮ್ ಅವರ ಮುಂದೆ ಹಿಡಿದ. ಅತ್ತೆ ಕನ್ನಡದಲ್ಲಿ ಸಹಿ ಹಾಕಿದರು.