ಮೂರು ದಿನ ಹಳ್ಳಿಗೆ ಹೋಗಿ ಬಂದ್ರೆ ಏನ್ ಉಪಯೋಗ?

ನಾನು ನರ್ಸು. ನಮ್ಮ ಚರ್ಚಿನ ಸಭೆಯಿಂದ ವರ್ಷಾ ವರ್ಷಾ ಒಂದು ಟೀಮು ಬಾಗೇಪಲ್ಲಿ, ಪಾವಗಡ ಕಡೆ ಹಳ್ಳಿಗಳಿಗೆ ಮೆಡಿಕಲ್ ಕ್ಯಾಂಪ್ ಅಂತ ಹೋಗುತ್ತೆ, ನಾನೂ ಹೋಗ್ತೀನಿ. ಇದು ಗೊತ್ತಾದ್ರೆ ಸಾಕು, ವಾರ್ಡಲ್ಲಾಗ್ಲಿ ಮದ್ವೆ ಮನೇಲಾಗ್ಲಿ ಯಾರಾದ್ರೂ ಕೇಳೇ ಕೇಳ್ತಾರೆ: "ಅಲ್ರೀ, ಮೂರು ದಿನ ಹೋಗಿ ಬಂದ್ರೆ ಆ ಜನಕ್ಕೆ ಏನ್ ಉಪಯೋಗ? ಇಲ್ಲಾ ಅಂದ್ರೆ ಮತಾಂತರ ಮಾಡೋಕ್ ಹೋಗ್ತೀರಾ?" ಎರಡೂ ಒಂದೇ ಉಸಿರಲ್ಲಿ.

ಎರಡನೇದನ್ನ ಮೊದ್ಲು ಮುಗಿಸ್ಬಿಡ್ತೀನಿ. ಇಲ್ಲ. ಮಾತ್ರೆ ಕೊಡೋ ಟೇಬಲ್ ಹತ್ರ ಪ್ರಾರ್ಥನೆ ಇಲ್ಲ, ಕರಪತ್ರ ಇಲ್ಲ, ಇದು ನಮ್ಮ ಟೀಮಿನ ರೂಲ್ಸು. 2022ರಲ್ಲಿ ಕರ್ನಾಟಕದಲ್ಲಿ ಮತಾಂತರ ನಿಷೇಧ ಕಾಯ್ದೆ ಬಂತು ಅಂತ ಹೆದರಿ ಮಾಡಿದ್ದಲ್ಲ, ಅದಕ್ಕಿಂತ ಮುಂಚಿಂದಾನೂ ಇದೆ. ಬೆಳಿಗ್ಗೆ ಆರಕ್ಕೇ ಬಂದು ಮಂಡಿ ಹಿಡ್ಕೊಂಡು ಕ್ಯೂನಲ್ಲಿ ಕೂತಿರೋ ಹೆಂಗಸಿಗೆ "ನಿಮಗೋಸ್ಕರ ಪ್ರಾರ್ಥನೆ ಮಾಡ್ಲಾ ಅಮ್ಮಾ" ಅಂದ್ರೆ ಅವರು ಬೇಡ ಅಂತಾರಾ? ನಮ್ಮ ಕೈಯಲ್ಲಿರೋ ಮಾತ್ರೆ ಅವರಿಗೆ ಬೇಕು, ಹೂಂ ಅಂತಾರೆ ಅಷ್ಟೇ, ಆ ಹೂಂಗೆ ನನ್ನ ಲೆಕ್ಕದಲ್ಲಿ ಬೆಲೆ ಇಲ್ಲ. ಮಜಾ ಅಂದ್ರೆ ನಮ್ಮ ಸಭೆ ಹಿರಿಯರೊಬ್ರು ಉಲ್ಟಾ ಬೈತಾರೆ, "ಸುವಾರ್ತೆ ಹೇಳ್ದೆ ಬರೀ ಮಾತ್ರೆ ಹಂಚಿ ಬರೋಕೆ ಸರ್ಕಾರದವ್ರೇ ಇದಾರಲ್ಲಮ್ಮ" ಅಂತ. ನಾನು ಅವರಿಗೆ ಬೈಬಲ್‌ನಲ್ಲಿ ಲೂಕ 17ನೇ ಅಧ್ಯಾಯ ಓದಿ ಅಂತೀನಿ. ಹತ್ತು ಮಂದಿ ಕುಷ್ಠರೋಗಿಗಳು ವಾಸಿಯಾದ್ರು, ತಿರುಗಿ ಬಂದು ಕಾಲಿಗೆ ಬಿದ್ದವನು ಒಬ್ಬನೇ, ಮಿಕ್ಕ ಒಂಬತ್ತು ಜನ ಎಲ್ಲಿ ಅಂತ ಯೇಸು ಕೇಳಿದ್ದು ನಿಜ, ಆದ್ರೆ ಅವರ ರೋಗ ವಾಪಸ್ ಕೊಟ್ಟಿಲ್ಲವಲ್ಲ.

ಈಗ ಮೊದಲನೇ ಪ್ರಶ್ನೆ. ಇದು ನ್ಯಾಯವಾದ ಪ್ರಶ್ನೆ. ನನ್ನ ಉತ್ತರ, ಕಾಯಿಲೆ ನೋಡ್ಕೊಂಡು ಹೇಳ್ಬೇಕು.

ಕಣ್ಣಿನ ಪೊರೆ ಅಂದ್ರೆ ಮೂರು ದಿನ ಧಾರಾಳ ಸಾಕು. ಟಾರ್ಚ್ ಹಾಕಿ ನೋಡಿ, ಹೆಸರು ಬರ್ಕೊಂಡು, ವ್ಯಾನಲ್ಲಿ ದೊಡ್ಡ ಆಸ್ಪತ್ರೆಗೆ ಕಳಿಸಿದ್ರೆ ಹದಿನೈದು ಇಪ್ಪತ್ತು ನಿಮಿಷದ ಆಪರೇಷನ್, ಲೆನ್ಸ್ ಇಟ್ಟು ಕಳಿಸ್ತಾರೆ, ಆಮೇಲೆ ಸ್ವಲ್ಪ ದಿನ ಡ್ರಾಪ್ಸ್ ಹಾಕ್ಕೊಂಡು ಹುಷಾರಾಗಿದ್ರೆ ಆಯ್ತು, ಆ ಮನುಷ್ಯ ಮತ್ತೆ ಕುರಿ ಕಾಯೋಕೆ ಹೋಗಬಹುದು.

ಬಿಪಿಗೆ ಮೂರು ದಿನದ ಕ್ಯಾಂಪು ಏನೂ ಅಲ್ಲ. ಮೇಲಿನ ಬಿಪಿ 180 ಬಂತು, ಅಮ್ಲೋಡಿಪಿನ್ ಅನ್ನೋ ಬಿಪಿ ಮಾತ್ರೆ ಒಂದು ಶೀಟು ಕೊಟ್ವಿ, ಫೋಟೋ ತೆಗೆದ್ವಿ, ಬಂದ್ವಿ. ಶೀಟು ಖಾಲಿ ಆದ್ಮೇಲೆ? ಅದು ಜೀವನ ಪೂರ್ತಿ ತಗೋಬೇಕಾದ ಮಾತ್ರೆ, ತಲೆನೋವಿಲ್ಲ ಅಂತ ನಿಲ್ಲಿಸಿಬಿಡ್ತಾರೆ, ಒಂದಿನ ಲಕ್ವ ಹೊಡೆಯುತ್ತೆ. ಅದಕ್ಕೇ ಈಗ ನಾವು ಬಿಪಿ ಶುಗರ್ ಇರೋರ ಹೆಸರು ಬೇರೆ ಪುಸ್ತಕದಲ್ಲಿ ಬರೆದು ಊರಿನ ಆಶಾ ಕಾರ್ಯಕರ್ತೆ ಕೈಗೂ ಪಿಎಚ್‌ಸಿಗೂ (ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರ) ಒಂದೊಂದು ಕಾಪಿ ಕೊಟ್ಟು ಬರ್ತೀವಿ, ಯಾಕಂದ್ರೆ ಅದೇ ಮಾತ್ರೆ ಪಿಎಚ್‌ಸಿನಲ್ಲಿ ಫ್ರೀ ಸಿಗುತ್ತೆ. ಇಡೀ ಕ್ಯಾಂಪಲ್ಲಿ ಫೋಟೋಗೆ ಬರದ ಕೆಲಸ ಅಂದ್ರೆ ಈ ಪುಸ್ತಕ, ನನ್ನ ಪ್ರಕಾರ ಅರ್ಧಕ್ಕರ್ಧ ಉಪಯೋಗ ಇದರಲ್ಲೇ ಇದೆ.

ಮಂಡಿ ನೋವಿನ ಕಥೆ ಇನ್ನೊಂದು. ಆ ಕಡೆ ಕ್ಯಾಂಪಿಗೆ ಬರೋರಲ್ಲಿ ತುಂಬಾ ಜನ ಹೇಳೋದು ಸೊಂಟ, ಮಂಡಿ, ಕುತ್ತಿಗೆ. ಆಂಧ್ರ ಗಡಿ ಕಡೆ ತೆಲುಗು ಮಾತಾಡ್ತಾರಲ್ಲ, ಅಜ್ಜಿಯಂದ್ರು ಬಂದು ಕೂತ ತಕ್ಷಣ "ಸೂದಿ ವೇಯ್ಯಮ್ಮಾ", ಸೂಜಿ ಹಾಕಮ್ಮಾ ಅಂತಾರೆ, ಅವರ ಪ್ರಕಾರ ಇಂಜೆಕ್ಷನ್ ಹಾಕದ ಡಾಕ್ಟರು ಡಾಕ್ಟರೇ ಅಲ್ಲ. ನಾವು ನೋವಿನ ಮಾತ್ರೆ, ಗ್ಯಾಸ್ ಮಾತ್ರೆ, ಒಂದು ಕ್ಯಾಲ್ಸಿಯಂ ಕೊಡ್ತೀವಿ. ಆದ್ರೆ ಅಜ್ಜಿ ಪಕ್ಕದಲ್ಲಿ ನಿಂತಿರೋ ಮೊಮ್ಮಗಳು ನಕ್ಕಾಗ ನೋಡ್ಬೇಕು, ಮುಂದಿನ ಹಲ್ಲಲ್ಲಿ ಅಡ್ಡಡ್ಡ ಕಂದು ಪಟ್ಟೆ. ಅಲ್ಲಿಗೆ ಅರ್ಧ ಗೊತ್ತಾಯ್ತು, ಇದು ಬೋರ್‌ವೆಲ್ ನೀರಲ್ಲಿರೋ ಫ್ಲೋರೈಡು. ಕುಡಿಯೋ ನೀರಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನೋದು ನಮ್ಮ ದೇಶದ ಮಾನದಂಡ. ಪಾವಗಡ, ಬಾಗೇಪಲ್ಲಿ ಕಡೆ ಎಷ್ಟೋ ಬೋರುಗಳಲ್ಲಿ ಅದನ್ನ ದಾಟಿರುತ್ತೆ, ವರ್ಷಗಟ್ಟಲೆ ಅದನ್ನೇ ಕುಡಿದ್ರೆ ಮೂಳೆಯಲ್ಲಿ ಸೇರ್ಕೊಂಡು ಕೀಲು ಬಿಗಿಯುತ್ತೆ, ಕೆಲವರಿಗೆ ಬೆನ್ನೇ ಬಾಗಿಹೋಗುತ್ತೆ. ಇಂಥ ಊರಲ್ಲಿ ಬೆಂಗಳೂರಿಂದ ಬಂದ ನಮ್ಮ ಯೂತ್ ಹುಡುಗರು "ನೀರು ಕುದಿಸಿ ಕುಡೀರಿ" ಅಂತ ಚಾರ್ಟ್ ಹಿಡ್ಕೊಂಡು ನಿಂತಿರ್ತಾರೆ! ಭೇದಿ ವಾಂತಿ ತಡೆಯೋಕೆ ಅದು ಸರಿ, ಆದ್ರೆ ಕುದಿಸಿದ್ರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾಗಿ ಉಳಿದ ನೀರಲ್ಲಿ ಇನ್ನೂ ಜಾಸ್ತಿ ಆಗುತ್ತೆ.

ಆ ಊರಿಗೆ ಬೇಕಾಗಿದ್ದು ಮಾತ್ರೆ ಅಲ್ಲ, ಶುದ್ಧ ನೀರಿನ ಘಟಕ ಓಡ್ಬೇಕು. ಕಾಯಿನ್ ಹಾಕಿದ್ರೆ ಕ್ಯಾನ್ ತುಂಬೋ ಆ ಆರ್‌ಒ ಮಷೀನು ಇದೆ, ಆದ್ರೆ ಕೆಟ್ಟು ನಿಂತ್ರೆ ತಿಂಗಳುಗಟ್ಟಲೆ ಯಾರೂ ಕೇಳಲ್ಲ, ಜನ ಮತ್ತೆ ನಲ್ಲಿ ನೀರಿಗೇ ಹೋಗ್ತಾರೆ. ಒಂದು ಸಲ ನಮ್ಮ ಕಾಣಿಕೆ ದುಡ್ಡಲ್ಲಿ ಟೀ ಶರ್ಟ್, ಬ್ಯಾನರ್ ಎಲ್ಲಾ ಕ್ಯಾನ್ಸಲ್ ಮಾಡಿ ಒಂದು ಊರಿನ ಮಷೀನಿಗೆ ನೀರು ಸೋಸೋ ಮೆಂಬ್ರೇನ್ ಹಾಕ್ಸಿಕೊಟ್ವಿ, ಪಂಚಾಯ್ತಿಯವ್ರೂ ಸ್ವಲ್ಪ ಹಾಕಿದ್ರು. ಸಭೆಯಲ್ಲಿ ರಿಪೋರ್ಟ್ ಓದುವಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ, "ಎಷ್ಟು ಜನಕ್ಕೆ ಟ್ರೀಟ್‌ಮೆಂಟ್ ಕೊಟ್ರಿ" ಅಂತಾನೇ ಕೇಳಿದ್ರು.

ಬಿಡದೆ ಮಾಡೋ ಕೆಲಸದಿಂದಾನೇ ಉಪಯೋಗ ಅನ್ನೋದು ಹಿಂದಿನ ಮಿಷನರಿಗಳ ಕೆಲಸ ನೋಡಿದ್ರೆ ಚೆನ್ನಾಗಿ ಗೊತ್ತಾಗುತ್ತೆ. ಮೈಸೂರಲ್ಲಿ ಇವತ್ತಿಗೂ ಎಲ್ಲರೂ ಮಿಷನ್ ಆಸ್ಪತ್ರೆ ಅನ್ನೋ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಶುರುವಾಗಿದ್ದು 1906ರಲ್ಲಿ, ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಔಷಧಿ ಕೊಡೋಕೆ ಶುರು ಮಾಡಿದ್ದು 1880ರಲ್ಲಿ. ವೆಲ್ಲೂರಿನ ಮಿಷನರಿ ಡಾಕ್ಟರ್ ಐಡಾ ಸ್ಕಡ್ಡರ್ 1900ರಲ್ಲಿ ಒಂದೇ ಒಂದು ಬೆಡ್ ಇಟ್ಕೊಂಡು ಕ್ಲಿನಿಕ್ ಶುರು ಮಾಡಿದ್ರು, ಆಮೇಲೆ ಗುಡಿಯಾತ್ತಂ ರೋಡಲ್ಲಿ ಹಳ್ಳಿಗಳಿಗೂ ಹೋಗ್ತಿದ್ರು, ಆದ್ರೆ ವರ್ಷಕ್ಕೊಂದ್ಸಲ ಅಲ್ಲ, ವಾರ ವಾರ, ಜನ ರೋಡ್ ಪಕ್ಕ ಮರದ ಕೆಳಗೆ ಕಾಯ್ತಾ ಕೂತಿರ್ತಿದ್ರು. ಮುಂದಿನ ವಾರ ಡಾಕ್ಟರಮ್ಮ ಬಂದೇ ಬರ್ತಾರೆ ಅನ್ನೋ ಗ್ಯಾರಂಟಿ ಇದ್ದಿದ್ರಿಂದ ಗಾಯಕ್ಕೆ ಕಟ್ಟಿದ ಪಟ್ಟಿ ಬಿಚ್ಚಿ ನೋಡೋರು ಇರ್ತಿದ್ರು. ನಮ್ಮಂಥ ಮೂರು ದಿನದ ಟೀಮು ಅಲ್ಲೇ ಇರೋರಿಗೆ, ಅಂದ್ರೆ ಆಶಾ, ಪಿಎಚ್‌ಸಿ ಸಿಸ್ಟರು, ಹತ್ತಿರದ ಮಿಷನ್ ಆಸ್ಪತ್ರೆ, ಇವರಿಗೆ ಕೈ ಸೇರಿಸಿದ್ರೆ ಉಪಯೋಗ, ಇಲ್ಲಾಂದ್ರೆ ಅದು ಪಿಕ್ನಿಕ್ಕು. ಇಂಥ ಟೀಮುಗಳು ಹೋಗಿ ಶಾಲೆ ಗೋಡೆಗೆ ಬಣ್ಣ ಬಳಿಯೋದೂ ಅಷ್ಟೇ, ಆ ಊರಲ್ಲೇ ಪೇಂಟರ್ ಇರ್ತಾನೆ, ಕೂಲಿ ಕೊಟ್ರೆ ನಮಗಿಂತ ನೀಟಾಗಿ ಹೊಡೀತಾನೆ.

ಇಷ್ಟೆಲ್ಲಾ ಹೇಳಿದ್ಮೇಲೂ ಕೆಲವರು "ನಾವೂ ಬರ್ತೀವಿ ಸಿಸ್ಟರ್" ಅಂತಾರೆ. ಬನ್ನಿ, ಖುಷಿ. ಡಾಕ್ಟರುಗಳು ಹೇಗೋ ಸಿಗ್ತಾರೆ, ನಮಗೆ ಸಾಲದೆ ಇರೋದು ತೆಲುಗು ಬರೋರು, ನೀಟಾಗಿ ಬರೆಯೋ ಕೈ, ಆಮೇಲೆ ಕ್ಯಾಂಪ್ ಮುಗಿದು ಒಂದು ತಿಂಗಳಿಗೆ ಪುಸ್ತಕ ಇಟ್ಕೊಂಡು ಒಬ್ಬೊಬ್ಬರಿಗೂ ಫೋನ್ ಮಾಡಿ "ಅಜ್ಜಿ ಮಾತ್ರೆ ತಗೊಂಡ್ರಾ" ಅಂತ ಕೇಳೋರು. ಕೊನೇದಕ್ಕೆ ಬೆಂಗಳೂರು ಬಿಟ್ಟು ಹೋಗೋದೇ ಬೇಡ, ಮನೇಲಿ ಕೂತ್ಕೊಂಡೇ ಮಾಡ್ಬಹುದು, ಆದ್ರೆ ಈ ಕೆಲಸಕ್ಕೆ ಅಂತ ಹೇಳಿದ ತಕ್ಷಣ ಅರ್ಧ ಜನ ಹೆಸರು ವಾಪಸ್ ತಗೋತಾರೆ.